ಅಂಗಡಿಯಲ್ಲಿ ಸಿಗದ ಪದರ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಬ್ರೇಕ್ ಪ್ಯಾಡ್ ಕೇಳಿದರೆ ಮೊದಲು ಕಾರಿನ ಹೆಸರು, ಮಾಡೆಲ್ ವರ್ಷ ಕೇಳುತ್ತಾರೆ. ಆಮೇಲೆ, ‘ಕಂಪನಿದೇ ಕೊಡ್ಲಾ ಸಾರ್, ಬೇರೆ ಆದ್ರೂ ನಡೆಯುತ್ತಾ?’ ಎಂಬ ಪ್ರಶ್ನೆ. ಉತ್ತರ ಬರುವಷ್ಟರಲ್ಲಿ ಮೂರು ನಾಲ್ಕು ಡಬ್ಬಿಗಳು ಮುಂದೆ ಬಂದು ಕೂತಿರುತ್ತವೆ. ಬೆಲೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ದುಪ್ಪಟ್ಟು ಅಂತರ. ಬಿಚ್ಚಿ ನೋಡಿದರೆ ಎಲ್ಲದರಲ್ಲೂ ಉಕ್ಕಿನ ತಗಡಿಗೆ ಅಂಟಿಸಿದ ಕಪ್ಪು ಬಿಲ್ಲೆಗಳೇ. ಕೈಗೆತ್ತಿಕೊಂಡು ತೂಗಿ, ಉಗುರಲ್ಲಿ ಗೀರಿ, ಮೂಸಿ ನೋಡಿದರೂ ಯಾವುದು ಒಳ್ಳೆಯದೆಂದು ತಿಳಿಯುವುದಿಲ್ಲ. ಡಿಸ್ಕನ್ನೂ ಬದಲಿಸಬೇಕಾಗಿ ಬಂದರೆ ಇನ್ನಷ್ಟು ಗೊಂದಲ. ಸಾದಾ ಡಿಸ್ಕು, ತೂತು ಕೊರೆದದ್ದು, ಗೀರು ಹಾಕಿದ್ದು, ಬೂದು ಬಣ್ಣದ ಲೇಪ ಬಳಿದದ್ದು. ಕೊನೆಗೆ ಮೆಕ್ಯಾನಿಕ್ ಹೇಳಿದ್ದನ್ನೇ ತರುತ್ತೇವೆ. ಅದು ತಪ್ಪೇನಲ್ಲ. ಆದರೆ ಮೆಕ್ಯಾನಿಕ್ ಹೇಳಿದ್ದರಲ್ಲಿ ಎಷ್ಟು ಅನುಭವ, ಎಷ್ಟು ಅಭ್ಯಾಸಬಲ ಎಂಬುದನ್ನು ಅಳೆಯಲು ಸ್ವಲ್ಪ ಭೌತಶಾಸ್ತ್ರ ಗೊತ್ತಿದ್ದರೆ ಒಳ್ಳೆಯದು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಯಾಡ್ ಮತ್ತು ಡಿಸ್ಕ್ ಎರಡು ಬೇರೆ ಬೇರೆ ಸಾಮಾನುಗಳೆಂದು ಅಂಗಡಿಯವರು ಮಾರುತ್ತಾರೆ, ನಾವೂ ಹಾಗೇ ಕೊಳ್ಳುತ್ತೇವೆ. ಕಾರನ್ನು ನಿಧಾನ ಮಾಡುವ ಘರ್ಷಣೆ ಮಾತ್ರ ಮೂರನೆಯ ಒಂದು ವಸ್ತುವಿನಲ್ಲಿ ನಡೆಯುತ್ತದೆ: ಪ್ಯಾಡ್ ಸವೆದು, ಬಿಸಿಯಾಗಿ, ಡಿಸ್ಕಿನ ಮೈಗೆ ಮೆತ್ತಿಕೊಂಡು ಹುಟ್ಟುವ ಕೆಲವೇ ಮೈಕ್ರಾನ್ ದಪ್ಪದ ಪದರ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ರಸ್ತೆಯ ಮೇಲೆ, ನಮ್ಮ ಕಾಲಿನ ಒತ್ತಡದಲ್ಲಿ, ನಾವು ಹುಟ್ಟಿಸುವ ಶಾಖದಲ್ಲಿ ಅದು ತಯಾರಾಗುತ್ತದೆ. ಕೊಳ್ಳುವಾಗ ನಾವು ಆರಿಸುವುದು ಅದರ ಕಚ್ಚಾವಸ್ತುವನ್ನು.

ಶಾಖ ಎಂದೆ. ಬ್ರೇಕಿನ ಕಥೆಯೆಲ್ಲ ಅದರದೇ. ಓಡುವ ಕಾರಿನ ಚಲನಶಕ್ತಿಯನ್ನು ಬ್ರೇಕು ಎಲ್ಲಿಗೂ ಮಾಯ ಮಾಡಲಾರದು, ಶಾಖವಾಗಿ ಬದಲಿಸಿ ಗಾಳಿಗೆ ಬಿಡಬಲ್ಲದು ಅಷ್ಟೇ. ಐದು ಜನ, ಅವರ ಚೀಲಗಳು ಸೇರಿ 1,500 ಕೆ.ಜಿ. ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 580 ಕಿಲೋಜೂಲ್. ಬ್ರೇಕು ಒತ್ತಿದಾಗ ಕಾರಿನ ಮೂತಿ ಕೆಳಗೆ ಬಾಗುತ್ತದಲ್ಲ, ಆಗ ಹಿಂದಿನ ಚಕ್ರಗಳ ಮೇಲಿನ ಭಾರ ಮುಂದಕ್ಕೆ ಸರಿಯುತ್ತದೆ. ಜೋರಾಗಿ ಒತ್ತಿದರೆ ಸರಿಯುವ ಭಾರ ಸುಮಾರು 250 ಕೆ.ಜಿ. ಹಾಗಾಗಿ ಕೆಲಸದ ಮುಕ್ಕಾಲು ಪಾಲಿನಷ್ಟು ಮುಂದಿನ ಜೋಡಿಯ ಮೇಲೇ ಬೀಳುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಇಂದಿಗೂ ಡ್ರಮ್ ಬ್ರೇಕ್ ಇರುವುದು ಬರೀ ಕಂಪನಿಗಳ ಜಿಪುಣತನವಲ್ಲ, ಅಲ್ಲಿ ಅಷ್ಟು ಕೆಲಸವೇ ಇಲ್ಲ.

ಮುಂದಿನ ಡಿಸ್ಕುಗಳು ತಲಾ 5 ಕೆ.ಜಿ. ಇವೆ, ಶಾಖದ ಶೇ. 70 ಪಾಲು ಅವಕ್ಕೆ ಹೋಗುತ್ತದೆ ಎಂದು ಲೆಕ್ಕ ಹಿಡಿಯಿರಿ. ಕಬ್ಬಿಣದ ವಿಶಿಷ್ಟ ಶಾಖ ಗೊತ್ತಿರುವವರಿಗೆ ಇದು ಹೈಸ್ಕೂಲ್ ಲೆಕ್ಕ. ನೂರರ ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಡಿಸ್ಕಿನ ತಾಪ 80–90 ಡಿಗ್ರಿ ಏರುತ್ತದೆ. ಊರೊಳಗಿನ ಓಡಾಟದಲ್ಲಿ ಇಷ್ಟೂ ಆಗದು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಮಿಷಕ್ಕೆ ಹತ್ತು ಸಲ ಬ್ರೇಕು ಒತ್ತಿದರೂ ವೇಗವೇ ಇಲ್ಲದ ಮೇಲೆ ಶಾಖ ಎಲ್ಲಿಂದ ಬರಬೇಕು? ವೇಗ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಘಾಟಿಯ ಲೆಕ್ಕ ಬೇರೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ತಿರುವುಗಳ ದಾರಿಯಲ್ಲಿ ಕಾರು ಸುಮಾರು 500 ಮೀಟರ್ ಕೆಳಗೆ ಬರುತ್ತದೆ ಎನ್ನೋಣ. ಅದೇ 1,500 ಕೆ.ಜಿ. ಕಾರು ಆ ಎತ್ತರದಲ್ಲಿ ಹೊತ್ತುಕೊಂಡಿದ್ದ ವಿಭವಶಕ್ತಿ 7.35 ಮೆಗಾಜೂಲ್. ನೂರರ ವೇಗದಿಂದ ಹನ್ನೆರಡು ಹದಿಮೂರು ಸಲ ಪೂರ್ತಿ ನಿಲ್ಲಿಸಿದಷ್ಟು ಶಕ್ತಿ ಅದು. ಎಲ್ಲವನ್ನೂ ಬ್ರೇಕಿಗೇ ಹೊರಿಸಿ, ಗಾಳಿಗೆ ಒಂದಿಷ್ಟೂ ಹೋಗದಂತೆ ತಡೆದರೆ ಮುಂದಿನ ಡಿಸ್ಕುಗಳ ತಾಪ ಸಾವಿರ ಡಿಗ್ರಿ ದಾಟಿ, ಆ ಕಬ್ಬಿಣ ಕರಗುವ ಹತ್ತಿರಕ್ಕೆ ಹೋಗಬೇಕು. ಹಾಗಾಗುವುದಿಲ್ಲ. ಟೈರಿನ ಉರುಳು ಪ್ರತಿರೋಧ ಒಂದಿಷ್ಟನ್ನು ನುಂಗುತ್ತದೆ, ಇಳಿಯಲು ಬೇಕಾಗುವ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಗಾಳಿ ಬಹಳಷ್ಟನ್ನು ಒಯ್ಯುತ್ತದೆ. ಮುಖ್ಯವಾಗಿ, ಬುದ್ಧಿ ಇರುವ ಚಾಲಕ ಎರಡನೇ ಗೇರಿಗೆ ಹಾಕಿ ಎಂಜಿನ್ನಿಗೇ ಕಾರನ್ನು ಹಿಡಿಯಲು ಬಿಡುತ್ತಾನೆ. ನ್ಯೂಟ್ರಲ್‌ನಲ್ಲಿ ಜಾರಿಸಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವವನ ಬ್ರೇಕಿಗೆ ಯಾವ ದುಬಾರಿ ಪ್ಯಾಡೂ ನೆರವಾಗದು. ಅಂದಹಾಗೆ ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನದ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಸುಡುತ್ತಲೇ ಇರಬೇಕು. ಅವನು ಉಳಿಸುವುದೂ ಸುಳ್ಳೇ.

ಇಷ್ಟು ಶಾಖವನ್ನು ತಾಳುವ ಡಿಸ್ಕನ್ನು ಯಾವುದರಿಂದ ಮಾಡಬೇಕು? ಉಕ್ಕಿನಿಂದ ಎಂದು ಊಹಿಸುವವರೇ ಹೆಚ್ಚು. ಬೈಕುಗಳ ಡಿಸ್ಕು ಸ್ಟೇನ್‌ಲೆಸ್ ಸ್ಟೀಲಿನದೇ, ಎದುರಿಗೇ ಕಾಣುವ ಆ ತೆಳ್ಳಗಿನ ಬಿಲ್ಲೆ ತುಕ್ಕು ಹಿಡಿಯಬಾರದು, ಮುರಿಯಲೂಬಾರದು. ಕಾರಿಗೆ ಮಾತ್ರ ದಶಕಗಳಿಂದ ಬೀಡು ಕಬ್ಬಿಣವೇ ಗತಿ. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕ ಹೊಯ್ಯುವವರಿಗೆ ಅದರ ಗುಟ್ಟು ಗೊತ್ತು. ಅದರಲ್ಲಿ ಇಂಗಾಲ ಶೇ. 3ರಿಂದ 4ರಷ್ಟಿರುತ್ತದೆ. ಕಬ್ಬಿಣ ತಣಿಯುವಾಗ ಈ ಇಂಗಾಲ ಪ್ರತ್ಯೇಕಗೊಂಡು ಗ್ರ್ಯಾಫೈಟಿನ ಸಣ್ಣ ಸಣ್ಣ ಚಕ್ಕೆಗಳಾಗಿ ಮೈತುಂಬ ಹರಡಿಕೊಳ್ಳುತ್ತದೆ. ಎಳೆದು ಮುರಿಯುವ ಬಲಕ್ಕೆ ಈ ಚಕ್ಕೆಗಳೇ ದೌರ್ಬಲ್ಯ, ಬೀಡು ಸುತ್ತಿಗೆ ಏಟಿಗೆ ಒಡೆಯುವುದು ಇವುಗಳಿಂದಲೇ. ಬ್ರೇಕಿಗೆ ಅವೇ ವರ. ಗ್ರ್ಯಾಫೈಟ್ ಶಾಖವನ್ನು ಬೇಗ ಒಳಕ್ಕೆ ಒಯ್ಯುತ್ತದೆ, ಹಾಗಾಗಿ ಉಜ್ಜುವ ಮೇಲ್ಮೈ ಒಂದೇ ಕೆಂಪಗೆ ಕಾಯುವುದಿಲ್ಲ. ಕಂಪನವನ್ನೂ ಅದು ಹೀರಿಕೊಳ್ಳುತ್ತದೆ. ಉಕ್ಕಿನ ಡಿಸ್ಕನ್ನು ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ, ಬೀಡಿನದು ಮಂದವಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ. ನಾದ ಬರುವ ಡಿಸ್ಕು ಕಾರಿನಲ್ಲಿದ್ದರೆ ಪ್ರತಿ ಸಿಗ್ನಲ್ಲಿನಲ್ಲೂ ಕಿರುಚಾಟವೇ.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಆದದ್ದು ಇದೇ. ಅವನ ಬ್ರೇಕಿನಲ್ಲಿ ಡಿಸ್ಕನ್ನು ಹಿಡಿಯುತ್ತಿದ್ದುದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಬರುವ ಚೀರಾಟವನ್ನು ಯಾರೂ ಸಹಿಸುವಂತಿರಲಿಲ್ಲ. ಅದೇ ಹೊತ್ತಿಗೆ ಡರ್ಬಿಶೈರಿನ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಗಾಡಿಗಳ ಬ್ರೇಕಿಗೆ ಒಳ್ಳೆಯ ಉಜ್ಜುಬಿಲ್ಲೆ ಹುಡುಕುತ್ತಿದ್ದ. 1897ರಲ್ಲಿ ಕೆಲಸ ಶುರು ಮಾಡಿದ ಅವನು ನಾರಿಗೆ ಅಂಟು ಕುಡಿಸಿ ಗಟ್ಟಿ ಮಾಡುವ ದಾರಿ ಹಿಡಿದ. 1908ರ ಹೊತ್ತಿಗೆ ಬೆಂಕಿಗೆ ಬಗ್ಗದ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಅವನ ಕೈಗೆ ಬಂತು. ಅವನು ಕಟ್ಟಿದ ಫೆರೋಡೊ ಹೆಸರು ಇವತ್ತಿಗೂ ಪ್ಯಾಡಿನ ಡಬ್ಬಿಗಳ ಮೇಲಿದೆ. ಡಿಸ್ಕ್ ಬ್ರೇಕು ಮಾತ್ರ ಐವತ್ತು ವರ್ಷ ಕಾಯಬೇಕಾಯಿತು. 1953ರ ಲ ಮಾನ್ 24 ಗಂಟೆಗಳ ಓಟವನ್ನು ಡನ್ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಾಗ ಡ್ರಮ್ಮಿನ ಕಾಲ ಮುಗಿಯಿತೆಂದು ಎಲ್ಲರಿಗೂ ಅರ್ಥವಾಯಿತು. ನಮ್ಮಲ್ಲಿ ಅಂಬಾಸಿಡರ್ ನಾಲ್ಕೂ ಡ್ರಮ್ಮಿನಲ್ಲೇ ದಶಕಗಟ್ಟಲೆ ಘಾಟಿ ಇಳಿಯಿತು. ಅದನ್ನು ಓಡಿಸಿದ ಹಳಬರಿಗೆ ಗೇರಿನಲ್ಲಿ ಇಳಿಸುವ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ.

ಇವತ್ತಿನ ಪ್ಯಾಡಿನಲ್ಲಿ ಹತ್ತರಿಂದ ಇಪ್ಪತ್ತು ಬಗೆಯ ಪದಾರ್ಥಗಳಿರುತ್ತವೆ. ಎಲ್ಲವನ್ನೂ ಹಿಡಿದಿಡುವುದು ಫಿನಾಲಿಕ್ ರಾಳ, ಬೇಕಲೈಟಿನ ವಂಶದ್ದು. ಜೊತೆಗೆ ನಾರು, ಉಜ್ಜುವ ಗಡಸು ಪುಡಿ, ಜಾರಿಸುವ ಗ್ರ್ಯಾಫೈಟ್, ಸಂದು ತುಂಬುವ ಅಗ್ಗದ ಖನಿಜಗಳು. ಒಂದೇ ಬಿಲ್ಲೆಯಲ್ಲಿ ಉಜ್ಜುವುದೂ ಜಾರಿಸುವುದೂ ಯಾಕೆ ಎಂದು ಕೇಳಬಹುದು. ಬರೀ ಉಜ್ಜುಪುಡಿ ಇದ್ದರೆ ಡಿಸ್ಕು ತಿಂಗಳಲ್ಲಿ ಮುಗಿಯುತ್ತದೆ, ಬರೀ ಗ್ರ್ಯಾಫೈಟ್ ಇದ್ದರೆ ಕಾರು ನಿಲ್ಲುವುದಿಲ್ಲ. ಎರಡರ ಜಗಳದಲ್ಲಿ ಘರ್ಷಣಾಂಕ 0.35–0.45ರ ಆಸುಪಾಸಿನಲ್ಲಿ ನೆಲೆ ನಿಲ್ಲುತ್ತದೆ. ಪ್ರತಿ ತಯಾರಕನ ಪಾಕವೂ ಗುಟ್ಟು.

ಅಂಗಡಿಯಲ್ಲಿ ಇವಕ್ಕೆ ಮೂರು ನಾಲ್ಕು ಜಾತಿ. ಜಪಾನಿ ಮೂಲದ ಕಾರುಗಳಿಗೆ ಸಾಮಾನ್ಯವಾಗಿ ಬರುವುದು ಎನ್‌ಎಒ ಎನ್ನುವ, ಉಕ್ಕಿನ ನಾರಿಲ್ಲದ ಮೆದು ಜಾತಿ. ಸದ್ದಿಲ್ಲ, ಡಿಸ್ಕಿಗೆ ದಯೆ ತೋರುತ್ತದೆ, ಧೂಳೂ ಕಡಿಮೆ. ಬಹಳ ಕಾದರೆ ಮಾತ್ರ ಹಿಡಿತ ಸಡಿಲುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ನಾರು, ಕಬ್ಬಿಣದ ಪುಡಿ ಧಾರಾಳ, ತೂಕದ ಮೂರನೆಯ ಒಂದು ಪಾಲಿನಿಂದ ಅರ್ಧಕ್ಕೂ ಹೆಚ್ಚು. ಕಾವಿಗೆ ಜಗ್ಗದು, ಆದರೆ ಡಿಸ್ಕನ್ನು ತಿನ್ನುತ್ತದೆ, ಬೆಳಗಿನ ಚಳಿಯಲ್ಲಿ ಗುರ್ ಎನ್ನುತ್ತದೆ. ನಡುವಿನದು ಲೋ ಮೆಟಾಲಿಕ್, ಜರ್ಮನ್ ಕಾರುಗಳ ರೂಢಿ. ವೇಗಮಿತಿಯೇ ಇಲ್ಲದ ಹೆದ್ದಾರಿಗೆ ಮಾಡಿದ ಪಾಕ ಅದು, ಮುಂದಿನ ಅಲಾಯ್ ಚಕ್ರಗಳು ವಾರದಲ್ಲೇ ಕಪ್ಪಾಗುವುದು ಅದಕ್ಕೇ. ಇನ್ನು ಸೆರಾಮಿಕ್. ಹೆಸರು ಕೇಳಿ ರೇಸ್ ಕಾರಿನ ಸಾಮಾನೆಂದು ಮೋಸ ಹೋಗಬೇಡಿ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್-ಸೆರಾಮಿಕ್ ಡಿಸ್ಕೇ ಬೇರೆ, ಈ ಪ್ಯಾಡೇ ಬೇರೆ. ಇದು ಎನ್‌ಎಒ ಜಾತಿಯ ಸುಧಾರಿತ ಕವಲು. ಉಕ್ಕಿನ ಬದಲು ಸೆರಾಮಿಕ್ ನಾರು, ಟೈಟನೇಟಿನಂಥ ಪುಡಿಗಳು. ಇದರ ಧೂಳು ತಿಳಿಬಣ್ಣದ್ದು, ಹಾಗಾಗಿ ಕಾಣುವುದಿಲ್ಲ, ಅಷ್ಟೇ.

ಧೂಳಿನ ಮಾತು ಇಲ್ಲಿಗೇ ಮುಗಿಯುವಂತಿಲ್ಲ. ಕಲ್ನಾರಿನ ಎಳೆ ಶ್ವಾಸಕೋಶಕ್ಕಿಳಿದರೆ ದಶಕಗಳ ನಂತರ ಕ್ಯಾನ್ಸರ್ ಬರುತ್ತದೆಂದು ತಿಳಿದ ಮೇಲೆ ಅದನ್ನು ಒಂದೊಂದೇ ದೇಶ ಕೈಬಿಟ್ಟಿತು. ಡಬ್ಬಿಯ ಮೇಲೆ ‘ಆಸ್ಬೆಸ್ಟಾಸ್ ಇಲ್ಲ’ ಎಂದು ಬರೆದಿರದ, ತಯಾರಕನ ಹೆಸರೂ ಇರದ ಪ್ಯಾಡನ್ನು ಮುಟ್ಟದಿರುವುದೇ ಒಳ್ಳೆಯದು. ಹಳೆಯ ಪ್ಯಾಡು ತೆಗೆಯುವಾಗ ಅದನ್ನು ಹಿಡಿದಿರುವ ಕ್ಯಾಲಿಪರ್ ಒಳಗಿನ ಪುಡಿಯನ್ನು ಗಾಳಿ ಪೈಪಿನಿಂದ ಊದುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿದೆ. ಅದನ್ನು ನೋಡಿದಾಗಲೆಲ್ಲ ಆ ಹುಡುಗರ ಮೂಗಿಗೆ ಒದ್ದೆ ಬಟ್ಟೆಯಾದರೂ ಕಟ್ಟಿಸಬಾರದೇ ಅನ್ನಿಸುತ್ತದೆ. ಊದದೆ ಬ್ರೇಕ್ ಕ್ಲೀನರ್ ಸಿಂಪಡಿಸಿ ತೊಳೆಯುವುದು ವಾಸಿ. ಆಸ್ಬೆಸ್ಟಾಸ್ ಹೋದ ಜಾಗಕ್ಕೆ ತಾಮ್ರ ಬಂತು. ಶಾಖವನ್ನು ಹಂಚುವುದರಲ್ಲಿ, ಡಿಸ್ಕಿನ ಮೇಲೆ ಸಮನಾದ ಪದರ ಕಟ್ಟುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಸವೆದ ತಾಮ್ರ ಮಳೆನೀರಿನೊಂದಿಗೆ ಹೊಳೆಗೆ ಸೇರಿ ಅಮೆರಿಕದ ಪಶ್ಚಿಮ ಕರಾವಳಿಯ ಸಾಲ್ಮನ್ ಮೀನುಗಳ ವಾಸನೆ ಹಿಡಿಯುವ ಶಕ್ತಿಯನ್ನೇ ಕುಂದಿಸುತ್ತದೆಂದು ಗೊತ್ತಾಯಿತು. ವಾಸನೆ ತಿಳಿಯದ ಮೀನು ಶತ್ರುವಿನಿಂದ ತಪ್ಪಿಸಿಕೊಳ್ಳಲಾರದು. ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ಮಾಡಿದವು. ಅದರ ಪ್ರಕಾರ ಪ್ಯಾಡಿನಲ್ಲಿ ತಾಮ್ರ 2021ಕ್ಕೆ ಶೇ. 5ಕ್ಕೆ, 2025ಕ್ಕೆ ಶೇ. 0.5ಕ್ಕೆ ಇಳಿಯಬೇಕು. ಡಬ್ಬಿಯ ಮೇಲೆ ಮೂರು ಎಲೆಗಳ ಚಿತ್ರ ಕಂಡರೆ ಅದು ಈ ಕಾನೂನಿನ ಗುರುತು. ಮೂರೂ ಎಲೆ ತುಂಬಿದ್ದರೆ ತಾಮ್ರ ಹೆಚ್ಚುಕಡಿಮೆ ಇಲ್ಲವೆಂದು ಅರ್ಥ. ಯುರೋಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2024ರಲ್ಲಿ ಅಂಗೀಕಾರವಾದ ಯೂರೋ 7 ನಿಯಮ ಹೊಗೆಕೊಳವೆಯ ಜೊತೆಗೆ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ: ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರಿಗಾದರೆ 3. ಬ್ಯಾಟರಿ ಕಾರುಗಳ ಕಷ್ಟವೇ ತಿರುಗಾಮುರುಗ. ಮೋಟರೇ ಕಾರನ್ನು ನಿಧಾನಿಸಿ ವಿದ್ಯುತ್ತು ಮಾಡಿಕೊಳ್ಳುವುದರಿಂದ ಡಿಸ್ಕಿಗೆ ಕೆಲಸವಿಲ್ಲದೆ ತುಕ್ಕು ಹಿಡಿಯುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಕಾರಿನ ಹಿಂದೆ ಮತ್ತೆ ಡ್ರಮ್ಮನ್ನೇ ಹಾಕಿದೆ.

ಹಾಗಾದರೆ ಆ ಡಬ್ಬಿಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು? ‘ಜಾಸ್ತಿ ಹಿಡಿಯೋದು ಕೊಡಿ’ ಎನ್ನುವುದು ಗಿರಾಕಿಯ ಸಹಜ ಬೇಡಿಕೆ. ಅದರಲ್ಲೊಂದು ತಪ್ಪು ತಿಳಿವಳಿಕೆ ಇದೆ. ಕಾರನ್ನು ನಿಲ್ಲಿಸುವುದು ಕೊನೆಗೆ ಟೈರು. ನಾಲ್ಕು ಟೈರುಗಳೂ ರಸ್ತೆಯನ್ನು ಹಿಡಿಯುವ ಮಿತಿ ದಾಟಿದ ಮೇಲೆ ಪ್ಯಾಡ್ ಎಷ್ಟು ಬಿಗಿದರೂ ಚಕ್ರ ಜಾಮ್ ಆಗುತ್ತದೆ, ಇಲ್ಲವೇ ಎಬಿಎಸ್ ಎದ್ದು ಒತ್ತಡ ಕಡಿಮೆ ಮಾಡುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಒಣ ರಸ್ತೆಯಲ್ಲಿ ಟೈರಿನ ಹಿಡಿತ 0.8 ಎಂದಿಟ್ಟುಕೊಂಡರೆ 80 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 31 ಮೀಟರ್ ಬೇಕು, ಮಳೆಯಲ್ಲಿ ಹಿಡಿತ 0.5ಕ್ಕೆ ಇಳಿದರೆ 50 ಮೀಟರ್. ಕಂಪನಿಯ ಪ್ಯಾಡ್ ಹಾಕಿದ ಕಾರು ಎಬಿಎಸ್ ಏಳುವಷ್ಟು ಹಿಡಿಯುತ್ತಿದ್ದರೆ, ಅದಕ್ಕಿಂತ ಕಚ್ಚುವ ಪ್ಯಾಡ್ ಹಾಕಿ ಈ ದೂರದಲ್ಲಿ ಒಂದು ಗೇಣೂ ಉಳಿಸಲಾಗದು. ಬೋಳು ಟೈರು ಇಟ್ಟುಕೊಂಡು ದುಬಾರಿ ಪ್ಯಾಡ್ ಹುಡುಕುವವರಿಗೆ ನಾನು ಹೇಳುವುದು ಇಷ್ಟೇ: ಆ ದುಡ್ಡಲ್ಲಿ ಟೈರು ಹಾಕಿಸಿ.

ಪ್ಯಾಡಿನ ಗುಣ ಕಾಣುವುದು ಮೊದಲ ಬ್ರೇಕಿನಲ್ಲಲ್ಲ, ಹತ್ತನೆಯ ತಿರುವಿನಲ್ಲಿ. ಸುಮಾರು 300–350 ಡಿಗ್ರಿ ದಾಟಿದರೆ ರಾಳ ಒಡೆಯತೊಡಗುತ್ತದೆ, ಘರ್ಷಣಾಂಕ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದಕ್ಕೆ ವಿರುದ್ಧವಾಗಿ ಪೆಡಲೇ ಮೆತ್ತಗಾಗಿ ಕೆಳಕ್ಕೆ ಹೋದರೆ ತಪ್ಪು ಪ್ಯಾಡಿನದಲ್ಲ, ಬ್ರೇಕ್ ಆಯಿಲ್ ಕುದಿದಿದೆ. ಆವಿಯ ಗುಳ್ಳೆ ಒತ್ತಡಕ್ಕೆ ಕುಗ್ಗುತ್ತದೆ, ಒತ್ತಡ ಪ್ಯಾಡನ್ನು ತಳ್ಳುವ ಪಿಸ್ಟನ್‌ಗೆ ತಲುಪುವುದೇ ಇಲ್ಲ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ಆದರೆ ಅದು ಗಾಳಿಯಿಂದ ತೇವ ಹೀರುತ್ತದೆ. ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಉಡುಪಿ, ಕಾರವಾರಗಳ ಕಡೆಯ ಸೆಕೆಯಲ್ಲಿರುವ ಕಾರಿನ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಈ ಎರಡು ಬಗೆಯ ಸೋಲನ್ನು ಬೇರ್ಪಡಿಸಿ ತಿಳಿದಿರಬೇಕು, ಯಾಕೆಂದರೆ ಒಂದಕ್ಕೆ ಮದ್ದು ಮಾಡಲು ಹೋಗಿ ಇನ್ನೊಂದನ್ನು ಕರೆದುಕೊಳ್ಳಬಹುದು. ಕಾವು ತಾಳಲಿ ಎಂದು ಹಾಕಿಸಿದ ಸೆಮಿ ಮೆಟಾಲಿಕ್ ಪ್ಯಾಡ್ ಶಾಖವನ್ನು ಪಿಸ್ಟನ್ನಿನತ್ತ ಹೆಚ್ಚಾಗಿ ದಾಟಿಸುತ್ತದೆ. ಹಳೆಯ ಆಯಿಲ್ ಇದ್ದರೆ ಘಾಟಿಯ ಮಧ್ಯದಲ್ಲಿ ಪೆಡಲ್ ನೆಲಕ್ಕೆ.

ಕಾವು ಏರಿದಾಗಿನ ಗುಣ ತಿಳಿಯಲು ಪ್ಯಾಡಿನ ಅಂಚಿನಲ್ಲಿ ಅಥವಾ ಬೆನ್ನಿನಲ್ಲಿ ಅಚ್ಚಾದ ಸಾಲನ್ನು ಓದಬಹುದು. ಅಮೆರಿಕದ ಪದ್ಧತಿಯಲ್ಲಿ ತಯಾರಕನ ಗುರುತಿನ ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ತಾಪದಲ್ಲಿ, ಎರಡನೆಯದು ಬಿಸಿಯಲ್ಲಿ ಘರ್ಷಣಾಂಕ ಯಾವ ಮಟ್ಟದ್ದು ಎಂದು ಹೇಳುತ್ತವೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ ಅದಕ್ಕೂ ಮೇಲೆ 0.55ರವರೆಗೆ. ‘ಎಫ್‌ಎಫ್’ ಇದ್ದರೆ ಕಾದರೂ ಅದೇ ಮಟ್ಟ. ‘ಎಫ್‌ಇ’ ಇದ್ದರೆ ಕಾದಾಗ ಒಂದು ಮೆಟ್ಟಿಲು ಇಳಿಯುತ್ತದೆ. ಇದನ್ನು ಗುಣಮಟ್ಟದ ಪ್ರಮಾಣಪತ್ರವೆಂದು ಮಾತ್ರ ತಿಳಿಯಬಾರದು. ಅಂಗುಲ ಚದರದ ತುಣುಕನ್ನು ಡ್ರಮ್ಮಿಗೆ ಉಜ್ಜಿ ಅಳೆದ ಸಂಖ್ಯೆ ಅದು, ನಿಮ್ಮ ಕಾರಿನಲ್ಲಿ ಅಳೆದದ್ದಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಯುರೋಪಿನ ಆರ್90 ಗುರುತಿನ ಮೇಲೆ: ವೃತ್ತದೊಳಗೆ ‘ಇ’, ಪಕ್ಕದಲ್ಲಿ ಒಂದು ಸಂಖ್ಯೆ, ಮುಂದೆ ‘90ಆರ್’. ಆ ಕಾರಿನ ಮೂಲ ಪ್ಯಾಡಿನ ಹಿಡಿತಕ್ಕಿಂತ ಶೇ. 15ಕ್ಕಿಂತ ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು ಎನ್ನುತ್ತದೆ ಆ ನಿಯಮ. ಹೆಚ್ಚೂ ಇರಬಾರದು ಎಂಬ ಮಾತನ್ನು ಗಮನಿಸಿ. ಮುಂದಿನ ಹಿಡಿತ ಒಂದೇ ಏರಿದರೆ ಹಿಂದಿನ ಡ್ರಮ್ಮಿನೊಂದಿಗೆ ಕಾರು ತಯಾರಿಸಿದವರು ಕೂಡಿಸಿದ್ದ ಸಮತೋಲ ಕೆಡುತ್ತದೆ.

ರೇಸಿಂಗ್ ಪ್ಯಾಡ್ ಬಗ್ಗೆ ಕೇಳುವ ಹುಡುಗರಿದ್ದಾರೆ. ಅದು ಕಾದ ಮೇಲೆ ಅದ್ಭುತ. ಆದರೆ ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ತಿರುವಿನಲ್ಲಿ ಶಾಲೆಯ ಮಗು ಅಡ್ಡ ಬಂದಾಗ ಅದು ತಣ್ಣಗಿರುತ್ತದೆ, ತಣ್ಣಗಿದ್ದಾಗ ಅದರ ಹಿಡಿತ ಸಾದಾ ಪ್ಯಾಡಿಗಿಂತ ಕಡಿಮೆ. ತೂತು ಕೊರೆದ ಡಿಸ್ಕಿನದೂ ಇಂಥದೇ ಶೋಕಿ. ಹಿಂದಿನ ಕಾಲದ ಪ್ಯಾಡ್ ಕಾದಾಗ ಬಿಡುತ್ತಿದ್ದ ಅನಿಲ ಹೊರಹೋಗಲೆಂದು ಹುಟ್ಟಿದ ತೂತುಗಳು ಈಗ ಮಳೆಯಲ್ಲಿ ನೀರು ಬೇಗ ಜಾರಲು, ತೂಕ ಸ್ವಲ್ಪ ಇಳಿಸಲು ಉಪಯೋಗ. ಪ್ರತಿ ತೂತಿನ ಅಂಚೂ ಬಿರುಕು ಹುಟ್ಟುವ ಜಾಗ. ಜೊತೆಗೆ ಶಾಖ ಹಿಡಿದಿಡುವ ಕಬ್ಬಿಣವೂ ಅಷ್ಟರಮಟ್ಟಿಗೆ ಕಡಿಮೆ. ಗೀರು ಹಾಕಿದ್ದು ಅದಕ್ಕಿಂತ ವಾಸಿ, ಪ್ಯಾಡಿನ ಮೈಯನ್ನು ಕೆರೆದು ಚೊಕ್ಕವಾಗಿಡುತ್ತದೆ. ಅದಕ್ಕೆ ಬೆಲೆಯಾಗಿ ಸದ್ದು, ಬೇಗ ಸವೆತ. ಮನೆಮಂದಿ ಓಡಾಡುವ ಕಾರಿಗೆ ಎರಡೂ ಬೇಡ. ಕಂಪನಿ ಕೊಟ್ಟ ಅಳತೆಯದೇ ಸಾದಾ ಡಿಸ್ಕು, ಎರಡು ಫಲಕಗಳ ನಡುವೆ ಗಾಳಿಯ ದಾರಿ ಇದ್ದ ವೆಂಟಿಲೇಟೆಡ್ ಇದ್ದಲ್ಲಿ ಅದೇ. ಕರಾವಳಿಯವರು ಸತುವಿನ ಲೇಪದ ಡಿಸ್ಕಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಉಜ್ಜುವ ಜಾಗದ ಲೇಪ ಮೊದಲ ದಿನವೇ ಹೋಗುತ್ತದೆ, ಉಳಿದ ಮೈಗೆ ತುಕ್ಕು ತಡವಾಗುತ್ತದೆ.

ಡಿಸ್ಕನ್ನು ಬದಲಿಸಲೇಬೇಕೇ ಎಂಬುದಕ್ಕೆ ಉತ್ತರ ಡಿಸ್ಕಿನ ಮೈಮೇಲೇ ಇದೆ. ನಡುವಿನ ಟೋಪಿಯಂಥ ಭಾಗದಲ್ಲೋ ಅಂಚಿನಲ್ಲೋ ‘ಮಿನ್’ ಎಂಬ ಗುರುತಿನೊಂದಿಗೆ ಮಿಲಿಮೀಟರಿನಲ್ಲಿ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ಹೊಸದರಲ್ಲಿ 22 ಮಿ.ಮೀ. ಇದ್ದದ್ದಕ್ಕೆ ಮಿತಿ 20 ಎಂದಿರುವುದು ಸಾಮಾನ್ಯ. ಎರಡೇ ಮಿಲಿಮೀಟರ್! ಅಂಚಿನ ದಿಬ್ಬವನ್ನು ಬಿಟ್ಟು ಮೈಕ್ರೊಮೀಟರಿನಿಂದ ಅಳೆಯಬೇಕು. ಲೇತಿಗೆ ಹಾಕಿಸಿ ಸಮ ಮಾಡಿಸಿದರೆ ಆಗದೇ ಎಂದರೆ, ಮಾಡಿದ ಮೇಲೂ ಮಿತಿಗಿಂತ ದಪ್ಪ ಉಳಿದರೆ ಆಗುತ್ತದೆ. ಉಳಿಯುವುದು ಅಪರೂಪ. ಲೇತಿನಲ್ಲಿ ಒಂದಿಷ್ಟು ವಾರೆಯಾಗಿ ಕೂತರೆ ಇಲ್ಲದ ರೋಗವನ್ನು ಅಂಟಿಸಿಕೊಂಡು ಬರುತ್ತದೆ.

ಆ ರೋಗ ಯಾವುದೆಂದರೆ, ವೇಗದಲ್ಲಿ ಬ್ರೇಕು ಒತ್ತಿದಾಗ ಸ್ಟೀರಿಂಗ್ ನಡುಗುವುದು. ‘ಡಿಸ್ಕ್ ಬೆಂಡ್ ಆಗಿದೆ ಸಾರ್’ ಎನ್ನುತ್ತಾರೆ. ನಿಜವಾಗಿ ಬೆಂಡಾದ ಡಿಸ್ಕು ಬಹಳ ಅಪರೂಪ. ನಡೆಯುವ ಸಂಗತಿ ಹೆಚ್ಚು ಸ್ವಾರಸ್ಯದ್ದು. ಹೊಸ ಡಿಸ್ಕನ್ನು ಕೂರಿಸುವ ಹಬ್ಬಿನ ಮುಖದಲ್ಲಿ ತುಕ್ಕಿನ ಚಕ್ಕೆ ಉಳಿದಿದ್ದರೆ ಡಿಸ್ಕು 50 ಮೈಕ್ರಾನಿನಷ್ಟು, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ, ಓರೆಯಾಗಿ ತಿರುಗುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಕ್ಯಾಲಿಪರ್ ಆ ಓರೆಗೆ ಹೊಂದಿಕೊಂಡು ಆಚೀಚೆ ಆಡುತ್ತದೆ. ಆದರೆ ಬ್ರೇಕು ಒತ್ತದೆ ಓಡುವಾಗ ಪ್ರತಿ ಸುತ್ತಿಗೂ ಡಿಸ್ಕಿನ ಅದೇ ಒಂದು ಜಾಗ ಪ್ಯಾಡಿಗೆ ತಾಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ತಾಗಿ ತಾಗಿ ಅಲ್ಲಿ ಡಿಸ್ಕು ತೆಳುವಾಗುತ್ತದೆ. ದಪ್ಪದಲ್ಲಿ 15–20 ಮೈಕ್ರಾನ್ ವ್ಯತ್ಯಾಸ ಬಂದರೆ ಸಾಕು, ಕೈಗೆ ನಡುಕ ತಿಳಿಯುತ್ತದೆ. ಅಷ್ಟರಲ್ಲಿ ಡಿಸ್ಕು ಹಾಕಿಸಿ ತಿಂಗಳುಗಳೇ ಕಳೆದಿರುತ್ತವೆ. ಬೈಗುಳ ಡಿಸ್ಕು ಮಾಡಿದವನಿಗೆ ಬೀಳುತ್ತದೆ, ತಪ್ಪು ಹಬ್ಬಿಗೆ ಎಮೆರಿ ಪೇಪರ್ ಉಜ್ಜದ ಐದು ನಿಮಿಷದ್ದು. ಕೆಲವೊಮ್ಮೆ ಮೊದಲ ಕಾರಣ ನಾವೇ: ಜೋರಾಗಿ ಬ್ರೇಕು ಹಾಕಿ ನಿಂತು, ಕೆಂಡದಂಥ ಡಿಸ್ಕಿನ ಮೇಲೆ ಪ್ಯಾಡನ್ನು ಹಾಗೇ ಒತ್ತಿ ಹಿಡಿದರೆ ಆ ಜಾಗದಲ್ಲಿ ಪ್ಯಾಡಿನ ಪದಾರ್ಥ ಅಚ್ಚೊತ್ತಿಕೊಳ್ಳುತ್ತದೆ. ಮುಂದೆ ಅದೇ ಜಾಗ ಹೆಚ್ಚು ಕಾಯುತ್ತದೆ. 700 ಡಿಗ್ರಿಯ ಸಮೀಪ ಹೋದರೆ ಅಲ್ಲಿನ ಕಬ್ಬಿಣ ಸಿಮೆಂಟೈಟ್ ಎಂಬ ಗಡಸು ರೂಪ ತಾಳಿ ಸವೆಯುವುದನ್ನೇ ಬಿಡುತ್ತದೆ. ಆಮೇಲೆ ಆ ಡಿಸ್ಕು ಗುಜರಿಗೇ.

ಮೊದಲು ಹೇಳಿದ ಆ ಮೂರನೆಯ ವಸ್ತುವಿಗೆ, ಪದರಕ್ಕೆ ಬರೋಣ. ಹೊಸ ಡಿಸ್ಕು ಬರಿಯ ಲೋಹ, ಹೊಸ ಪ್ಯಾಡಿನಲ್ಲಿ ಪೂರ್ತಿ ಬೇಯದ ರಾಳದ ಅಂಶ. ಇವೆರಡು ಮೊದಲ ಸಲ ಕೂಡುವಾಗ ಕಬ್ಬಿಣದ ಹೊಸ ದೋಸೆಕಾವಲಿಯನ್ನು ಪಳಗಿಸುವಂತೆ ಹದವಾಗಿ ಕಾಯಿಸಬೇಕು. ಕಾವಲಿಯಲ್ಲಿ ಎಣ್ಣೆ ಬೆಂದು ಗಟ್ಟಿಯಾಗುವ ಹಾಗೆ ಇಲ್ಲಿ ಪ್ಯಾಡಿನ ಪುಡಿ, ಕಬ್ಬಿಣದ ಆಕ್ಸೈಡು, ಗ್ರ್ಯಾಫೈಟು ಸೇರಿ ಡಿಸ್ಕಿನ ಮೈಗೆ ಬೂದುನೀಲಿ ಛಾಯೆಯ ತೆಳು ಲೇಪ ಕಟ್ಟುತ್ತದೆ. ಅದಾದ ಮೇಲೆ ಪ್ಯಾಡ್ ಉಜ್ಜುವುದು ಬಹುಮಟ್ಟಿಗೆ ತನ್ನದೇ ಪದಾರ್ಥದ ಮೇಲೆ. ಹಾಗಾಗಿಯೇ ಒಂದು ಜಾತಿಯ ಪ್ಯಾಡಿನಿಂದ ಇನ್ನೊಂದು ಜಾತಿಗೆ ಹಾರುವವರು ಹಳೆಯ ಡಿಸ್ಕಿನ ಮೇಲಿರುವ ಹಳೆಯ ಲೇಪವನ್ನು ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಎರಡು ಪಾಕ ಬೆರೆತು ಅಲ್ಲಲ್ಲಿ ತೇಪೆಯಾಗುತ್ತದೆ. ಡಿಸ್ಕು ಚೆನ್ನಾಗಿದ್ದರೆ ಅದೇ ಜಾತಿಯ ಪ್ಯಾಡನ್ನೇ ಮತ್ತೆ ಹಾಕುವುದು ಅಗ್ಗದ, ಜಾಣ ದಾರಿ. ಯಾವುದನ್ನು ಹಾಕಿದರೂ ಎಡ-ಬಲ ಎರಡೂ ಕಡೆ ಒಟ್ಟಿಗೆ.

ಹಾಕಿಸಿದ ಮೇಲೆ ಗ್ಯಾರೇಜಿನಿಂದ ಕಾರು ಹೊರಡುವ ಮೊದಲು ಪೆಡಲನ್ನು ನಾಲ್ಕಾರು ಸಲ ಒತ್ತಬೇಕು. ದಪ್ಪಗಿನ ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ, ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಆ ಮೊದಲ ಒತ್ತು ಗೇಟಿನ ಹೊರಗೆ ರಸ್ತೆಯಲ್ಲಿ ಆದರೆ ಗತಿಯೇನು? ಆಮೇಲೆ ಖಾಲಿ ರಸ್ತೆ ಸಿಕ್ಕಲ್ಲಿ ಅರವತ್ತರ ವೇಗದಿಂದ ಇಪ್ಪತ್ತಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲದೆ ಮತ್ತೆ ವೇಗ ಏರಿಸಿ, ಹೀಗೆ ಎಂಟು ಹತ್ತು ಸಲ. ನಡುನಡುವೆ ಗಾಳಿ ಬಡಿಯಲು ಬಿಡುವು. ಕೊನೆಯಲ್ಲಿ ಬ್ರೇಕು ಮುಟ್ಟದೆ ಐದಾರು ಕಿಲೋಮೀಟರ್ ಓಡಿಸಿ ಆರಿಸಬೇಕು. ಸುಟ್ಟ ವಾಸನೆ ಬಂದರೆ ಗಾಬರಿ ಬೇಡ, ರಾಳದ ಉಳಿಕೆ ಹೋಗುತ್ತಿದೆ. ತಯಾರಕನ ಚೀಟಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದೇ ಸರಿ, ಪ್ರತಿ ಪಾಕಕ್ಕೂ ಅದರದೇ ಹದ. ಇನ್ನೊಂದು ಮಾತು, ಗ್ಯಾರೇಜಿನಲ್ಲಿರುವಾಗಲೇ ಬಾನೆಟ್ ತೆಗೆದು ಬ್ರೇಕ್ ಆಯಿಲಿನ ಮಟ್ಟವನ್ನೂ ನೋಡಿ. ಪ್ಯಾಡ್ ಸವೆದಂತೆ ಇಳಿದಿದ್ದ ಮಟ್ಟವನ್ನು ಯಾರೋ ಸರ್ವಿಸಿನಲ್ಲಿ ಹೊಸ ಆಯಿಲ್ ಸುರಿದು ತುಂಬಿಸಿದ್ದರೆ, ಪಿಸ್ಟನ್ ಹಿಂದೆ ಸರಿದಾಗ ಅದು ಉಕ್ಕಿ ಚೆಲ್ಲಿರುತ್ತದೆ, ಚೆಲ್ಲಿದಲ್ಲಿ ಬಣ್ಣ ಎದ್ದುಹೋಗುತ್ತದೆ. ಕೂಡಲೇ ನೀರು ಹಾಕಿ ತೊಳೆಯುವುದೊಂದೇ ಅದಕ್ಕೆ ಉಪಾಯ.